ಸ್ಪೆಂಡ್‌ಥ್ರಿಫ್ಟ್ ಮತ್ತು ಅಟ್ಟದ ಡಬ್ಬಿ

ಹೆಂಡತಿಯನ್ನು ಕನ್ನಡದಲ್ಲಿ ಬೈಯುವಷ್ಟು ಧೈರ್ಯ ನನಗಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ‘ದುಂದುಗಾರ್ತಿ’ ಎಂದರೆ ಉತ್ತರ ಅಲ್ಲೇ ಸಿಗುತ್ತದೆ, ಅದೂ ನನ್ನ ತಾಯಿಯ ಕಾಲದಿಂದ ಶುರುವಾಗಿ. ಇಂಗ್ಲಿಷಿನಲ್ಲಿ ಬೈದರೆ, ಅವಳು ಅರ್ಥ ಯೋಚಿಸುವಷ್ಟರಲ್ಲಿ ಚಪ್ಪಲಿ ಮೆಟ್ಟಿ ತೋಟಕ್ಕೆ ಇಳಿದುಬಿಡಬಹುದು. ಮೂವತ್ತು ವರ್ಷದ ಸಂಸಾರ ಈ ಅನುಕೂಲದಿಂದಲೇ ನಡೆದಿದೆ.

ನಮ್ಮ ಹೆಗ್ಗದ್ದೆ ಕಡೆ ಕಾಫಿ ಬೆಳೆಯುವವರು ಒಳ್ಳೆಯ ಕಾಫಿ ಕುಡಿಯುವುದಿಲ್ಲ. ಅದು ಮೂಟೆಯಲ್ಲಿ ಸಕಲೇಶಪುರಕ್ಕೆ ಹೋಗುತ್ತದೆ. ಗಿಡದ ಬುಡದಲ್ಲಿ ಉದುರಿ, ಮಣ್ಣು ಮೆತ್ತಿ, ಕೊನೆಗೆ ಗುಡಿಸಿ ತಂದ ಕಾಯಿ ಮನೆಯ ಪಾಲು. ಅದರ ರುಚಿಯನ್ನು ಚಿಕೋರಿ ಮುಚ್ಚುತ್ತದೆ, ಚಿಕೋರಿಯ ರುಚಿಯನ್ನು ಬೆಲ್ಲ. ನಮ್ಮಪ್ಪ ಹೀಗೇ ಕುಡಿದರು, ನಾನೂ ಕುಡಿದೆ. ಹೆಂಡತಿ ಜಯಂತಿಗೂ ಇದರಲ್ಲಿ ತಕರಾರಿಲ್ಲ ಎಂದುಕೊಂಡಿದ್ದೆ.

ಕಳೆದ ತಿಂಗಳು ಆಲೂರಿನಿಂದ ಅವಳ ತಂಗಿ ಸುಧಾ ಬಂದಳು. ಹಿಂದಿನ ಸಲ ನಮ್ಮ ಕಾಫಿಯನ್ನು ಕಷಾಯವೆಂದು ತಿಳಿದು “ಯಾರಿಗೆ ಜ್ವರ?” ಎಂದು ಕೇಳಿದ್ದವಳು. ಆ ಮಾತು ಜಯಂತಿಯ ಮನಸ್ಸಿನಲ್ಲಿ ಉಳಿದಿತ್ತು. ಈ ಸಲ ಸೀದಾ ಸ್ಟೋರಿಗೆ ಹೋಗಿ, ಮಾರಲು ಕಟ್ಟಿಟ್ಟ ಮೂಟೆ ಬಿಚ್ಚಿ, ಒಂದು ಸೇರು ತೆಗೆದು, ಸಿಪ್ಪೆ ಬಿಡಿಸಿ, ಹುರಿದು ಪುಡಿಮಾಡಿ ಕಾಫಿ ಸೋಸಿಯೇಬಿಟ್ಟಳು. ಘಮ ಅಂಗಳಕ್ಕೆ ಬಂತು. ನಾನು ಓಡಿಬಂದು, ತಂಗಿಯ ಎದುರಿಗೇ, “ಸ್ಪೆಂಡ್‌ಥ್ರಿಫ್ಟ್!” ಎಂದೆ.

ಜಯಂತಿಯ ಮುಖ ಸಪ್ಪಗಾಯಿತು. ಸುಧಾ ಬಾಗಿಲಿಗೆ ಅಡ್ಡ ನಿಂತಳು. “ಅಂಗಂದ್ರೆ ಏನು ಭಾವ? ಅರ್ಥ ಹೇಳಿ ಹೋಗಿ.”

ನಿಘಂಟು ತೆಗೆಯಬೇಕಾಯಿತು. ಸ್ಪೆಂಡ್ ಎಂದರೆ ಖರ್ಚು. ಥ್ರಿಫ್ಟ್ ಎಂದರೆ ಈಗ ಮಿತವ್ಯಯ; ಆದರೆ ಮೊದಮೊದಲು ಅದಕ್ಕೆ ಏಳಿಗೆ, ಏಳಿಗೆಯಿಂದ ಕೂಡಿಬಂದ ಗಳಿಕೆ ಎಂಬ ಅರ್ಥವಿತ್ತಂತೆ. ಆ ಗಳಿಕೆಯನ್ನು ಕರಗಿಸುವವರೇ ಸ್ಪೆಂಡ್‌ಥ್ರಿಫ್ಟ್. ನಾನು ಮೇಷ್ಟ್ರ ಗತ್ತಿನಲ್ಲಿ ಓದಿ ಕನ್ನಡಕ ತೆಗೆದೆ.

“ಏಳಿಗೆ ಆಗೈತೆ ಅಂತ ಆಯ್ತಲ್ಲ ಭಾವ,” ಎಂದಳು ಸುಧಾ. “ಅದು ನಮ್ಮಕ್ಕನ ಲೋಟಕ್ಕೆ ಯಾವತ್ತು ಬರೋದು?”

“ಬುಡೇ ಸುಧಾ,” ಎಂದಳು ಜಯಂತಿ, “ಮೂವತ್ ವರ್ಷದಿಂದ ಕುಯ್ತಾ ಇದೀನಿ. ಒಂದಿನ ಕುಡೀಬೇಕು ಅನ್ನುಸ್ತು, ಅಷ್ಟೇಯ.”

ನನಗೆ ನಿಜವಾಗಿಯೂ ನಾಚಿಕೆಯಾಯಿತು. ನಾಚಿಕೆಯಾದಾಗ ಸುಮ್ಮನಿರುವ ಜಾಯಮಾನ ನನ್ನದಲ್ಲ. “ನಾನೇನು ಜಿಪುಣನಾ? ಘನಸ್ತರು ಬಂದಾಗ ಇರಲಿ ಅಂತ ಇದಕ್ಕಿಂತ ಒಳ್ಳೇದು ಎತ್ತಿಟ್ಟಿದೀನಿ, ಇವತ್ತು ನಿಮಗೇ ಆಗಲಿ!” ಎಂದು ಅಟ್ಟ ಹತ್ತಿದೆ. ಮೂರು ವರ್ಷದ ಹಿಂದೆ ಒಂದೊಂದೇ ಬೀಜ ಆರಿಸಿ ತುಂಬಿಟ್ಟ ಡಬ್ಬಿ ಅದು. ಇಳಿಸಿ, ಇಬ್ಬರ ಎದುರಿಗೂ ಮುಚ್ಚಳ ತೆಗೆದೆ.

ಎರಡು ಸೇರು ಬೀಜವೂ ಮಳೆಗಾಲದ ತೇವ ಕುಡಿದು, ಬಿಳಿಚಿ, ಬೂಷ್ಟು ಹಿಡಿದಿತ್ತು. ಮೂರು ವರ್ಷದಲ್ಲಿ ನಮ್ಮ ಮನೆಗೆ ಬಂದ ಒಬ್ಬರೂ ನನ್ನ ಕಣ್ಣಿಗೆ ಘನಸ್ತರಾಗಿ ಕಂಡಿರಲಿಲ್ಲ.

ಜಯಂತಿ ಡಬ್ಬಿಯೊಳಗೆ ಇಣುಕಿದಳು. ತನ್ನ ಲೋಟದಿಂದ ಹೊಸ ಕಾಫಿಯನ್ನು ಒಂದು ಗುಟುಕು ನಿಧಾನವಾಗಿ ಕುಡಿದಳು.

“ರೀ, ಆ ಪದ ಇನ್ನೊಂದ್ಸಲ ಹೇಳಿ. ಕಲ್ತ್ಕೊಂತೀನಿ.”

ನಾನು ಚಪ್ಪಲಿ ಹುಡುಕಿದೆ. ಅದನ್ನು ಮೆಟ್ಟಿಕೊಂಡು ಸುಧಾ ಆಗಲೇ ಡಬ್ಬಿ ಎತ್ತಿಕೊಂಡು ತಿಪ್ಪೆಯ ಕಡೆ ಹೊರಟಿದ್ದಳು.