ಕೊನೆಯ ಎರಡು ಸಾಲು

ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್ ಮಹಾಶಯನಿಗೆ ಈ ಲೋಕದಲ್ಲಿ ಇಬ್ಬರ ಮೇಲೆ ಅಪಾರ ಗೌರವ. ಒಬ್ಬಳು ಅವನ ಹೆಂಡತಿ, ಕವಯಿತ್ರಿ. ಇನ್ನೊಬ್ಬ ಅವನೇ.

ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಡಾಕ್ಟರರ ಚೀಟಿಗಳನ್ನು ಓದೀ ಓದೀ ಅವಳ ಕೈಬರಹವೂ ಅದೇ ದಾರಿ ಹಿಡಿದಿತ್ತು. ಅದು ತಿಳಿಯುತ್ತಿದ್ದದ್ದು ಅವಳಿಗೆ, ಗಂಡನಿಗೆ ಮತ್ತು ದೇವರಿಗೆ (ದೇವರ ವಿಷಯ ಖಾತ್ರಿಯಿಲ್ಲ). ಹಾಗಾಗಿ ಸ್ಪರ್ಧೆಗೆ ಕಳಿಸುವ ಕವಿತೆಯನ್ನು ಮುತ್ತಿನಂಥ ಅಕ್ಷರಗಳಲ್ಲಿ ನಕಲು ಮಾಡಿ, ಲಕೋಟೆಗೆ ಅಂಟು ಹಚ್ಚಿ, ಅಂಚೆಗೆ ಹಾಕುವ ಮಹತ್ಕಾರ್ಯ ಗಂಡನದು.

ಒಂಬತ್ತು ಸ್ಪರ್ಧೆ ಮುಗಿದಿದ್ದವು. ಮೂರು ಸಲ ಎರಡನೇ ಬಹುಮಾನ, ಆರು ಸಲ ಬರೀ ಮೆಚ್ಚುಗೆ ಪತ್ರ. ಪ್ರತಿ ಸಲವೂ ಊಟ ಬಿಟ್ಟು ಕೂರುತ್ತಿದ್ದವನು ಗಂಡ.

"ಆ ತೀರ್ಪುಗಾರರಿಗೆ ಕಣ್ಣಿದೆಯೇನೇ?"

"ತಟ್ಟೆ ಹಾಕಿದೀನಿ, ಏಳಿ. ಇನ್ನೊಂದು ಸ್ಪರ್ಧೆ ಇದೆ, ಹದಿನೈದಕ್ಕೆ ಕೊನೇ ದಿನ," ಎನ್ನುತ್ತಿದ್ದಳು ಅವಳು. ಎಂಥ ಗಟ್ಟಿಗಿತ್ತಿ ಎಂದು ಅವನಿಗೆ ಎದೆ ಉಬ್ಬುತ್ತಿತ್ತು.

ಹತ್ತನೆಯ ಕವಿತೆ ಒಂದು ಪತ್ರದ ಜೊತೆ ವಾಪಸು ಬಂತು. 'ಬಹಳ ಸೊಗಸಾಗಿದೆ. ಆದರೆ ಮುಗಿಯುವ ಮೊದಲೇ ನಿಂತುಹೋಗಿದೆ.' ಹೆಂಡತಿ ನಕಲನ್ನು ಮೇಲಿಂದ ಕೆಳಗಿನವರೆಗೆ ಓದಿದಳು.

"ಕೊನೇ ಎರಡು ಸಾಲು ಎಲ್ಲಿ ರೀ?"

"ಜಾಗ ಸಾಲಲಿಲ್ಲ ಕಣೇ."

"ಹಾಳೆ ಹಿಂದೆ ಬರೀಬಹುದಿತ್ತು."

"ಬೋರ್ಡಿನ ಹಿಂದೆ ಯಾರಾದ್ರೂ ಬರೀತಾರಾ? ನಾಲ್ಕೂ ಕಡೆ ಅಂಚು ಬಿಡಬೇಕು. ನೋಡೋಕೆ ಒಂದು ಲಕ್ಷಣ ಬೇಡವಾ?"

"ಹಾಗಾದ್ರೆ ಮೊದಲಿನ ಒಂಬತ್ತು?"

ಪೇಂಟರ್ ಕಿಟಕಿಯ ಕಡೆ ನೋಡಿದ. ಅವಳಿಗೆ ಉತ್ತರ ಸಿಕ್ಕಿತು.

ಅವಳು ಕೂಗಾಡಲಿಲ್ಲ. "ಇನ್ನು ನಾನು ಬರೆಯಲ್ಲ," ಎಂದು ಬಟ್ಟೆ ಮಡಚಲು ಹೋದಳು. ಅವನು ಹಿಂದೆಯೇ ಓಡಿದ. ಇವಳು ಬರೆಯದೆ ಹೋದರೆ ಈ ಮನೆಯಲ್ಲಿ ಹೆಮ್ಮೆ ಪಡಲು ಉಳಿಯುವುದು ತಾನೊಬ್ಬನೇ, ತನ್ನ ಯೋಗ್ಯತೆಯೋ ಈಗಷ್ಟೇ ಗೊತ್ತಾಗಿದೆ.

ನಾಲ್ಕು ದಿನ ಗೋಗರೆದ. ಐದನೆಯ ದಿನ ಅವಳು ಕೆಲಸಕ್ಕೆ ಹೊರಟವಳು ಚೀಲದಿಂದ ಒಂದು ಹಾಳೆ ತೆಗೆದು ಅವನ ಕೈಗಿಟ್ಟಳು. "ಇದೇ ಕೊನೆ. ಇದರಲ್ಲಿ ಏನಿದೆಯೋ ಅಷ್ಟೂ ಬರೀರಿ. ಒಂದು ಕೊಂಬು ಬಿಟ್ರೂ ನಾನು ಪೆನ್ನು ಮುಟ್ಟಲ್ಲ."

ಅವನು ಉಸಿರು ಬಿಗಿಹಿಡಿದು ಬರೆದ. ಬೋರ್ಡ್ ಬರೆಯುವವರು ಅಕ್ಷರದ ಅಳತೆ ನೋಡುತ್ತಾರೆಯೇ ಹೊರತು ಅರ್ಥವನ್ನಲ್ಲ. ಅರ್ಥದ ಕಡೆ ಗಮನ ಹೋದರೆ ಗೆರೆ ಸೊಟ್ಟಗಾಗುತ್ತದೆ. ಅಕ್ಷರ ಕುಗ್ಗಿಸಿ, ಪ್ರಾಣಕ್ಕಿಂತ ಪ್ರಿಯವಾದ ಅಂಚನ್ನು ತ್ಯಾಗ ಮಾಡಿ, ಹಾಳೆಯಲ್ಲಿದ್ದದ್ದನ್ನೆಲ್ಲ ಇಳಿಸಿ ಅಂಚೆಗೆ ಹಾಕಿ ಬಂದ.

ಮೊದಲ ಬಹುಮಾನ ಬಂತು.

ಸಮಾರಂಭದ ದಿನ ಗಂಡ ಹೆಂಡತಿ ಮೊದಲ ಸಾಲಿನಲ್ಲೇ ಕೂತರು. ವೇದಿಕೆಯ ಮೇಲೆ ಮುಖ್ಯ ತೀರ್ಪುಗಾರ್ತಿ ಕನ್ನಡಕ ಏರಿಸಿದರು. "ಕವಿತೆಯ ಹೆಸರು 'ಕಾಯುವುದು'. ಉಳಿದದ್ದೆಲ್ಲ ಒಂದು ತೂಕ, ಕೊನೆಯ ಎರಡು ಸಾಲೇ ಒಂದು ತೂಕ. ಕೇಳಿ." ಗಂಟಲು ಸರಿಮಾಡಿಕೊಂಡು ಓದಿದರು:

"ಬಚ್ಚಲ ನಲ್ಲಿ ಮೂರು ತಿಂಗಳಿಂದ ತೊಟ್ಟಿಕ್ಕುತ್ತಿದೆ,
ಬರುವಾಗ ಮರೆಯದೆ ಒಂದು ವಾಷರ್ ತನ್ನಿ."

ಹಿಂದೆ ಯಾರೋ ಮೂಗು ಒರೆಸಿಕೊಂಡರು.

"ಅದು ಕವಿತೆ ಅಲ್ಲ ರೀ," ಹೆಂಡತಿ ಪಿಸುಗುಟ್ಟಿದಳು. "ಬಾಯಲ್ಲಿ ಹೇಳಿದ್ರೆ ನಿಮ್ಮ ಕಿವಿಗೆ ಬೀಳಲ್ಲ ಅಂತ ಕೆಳಗೆ ಬರೆದಿದ್ದೆ."

ಪೇಂಟರಿಗೆ ನಾಚಿಕೆಗಿಂತ ಮೊದಲು ಹೆಮ್ಮೆಯೇ ಉಕ್ಕಿತು. "ನಿನ್ನ ಚೀಟಿಗೂ ಬಹುಮಾನ ಬರುತ್ತಲ್ಲೇ," ಎಂದ.

ಅಷ್ಟರಲ್ಲಿ ಅವಳನ್ನು ವೇದಿಕೆಗೆ ಕರೆದರು. ತೀರ್ಪುಗಾರ್ತಿ ಅವಳ ಕೈ ಹಿಡಿದು ಕೇಳಿದರು, "ಆಮೇಲೇನಾಯ್ತಮ್ಮಾ?"

ಅವಳು ಮೈಕಿನ ಮುಂದೆ ನಿಂತು ಗಂಡನನ್ನೇ ದಿಟ್ಟಿಸಿ ನೋಡಿದಳು.

"ಇನ್ನೂ ತಂದಿಲ್ಲ."

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಪೇಂಟರ್, ಅಕ್ಕಪಕ್ಕದವರು ಒಬ್ಬೊಬ್ಬರಾಗಿ ನಿಲ್ಲಿಸಿ ಅವನ ಕಡೆ ತಿರುಗುವವರೆಗೂ.