ಸಿಕ್ವೇರಾ ಅವರೇ, ತಾವು ವಾಮಂಜೂರಿನವರಾಗಬೇಕಿತ್ತು

ಮಾನ್ಯ ಐ. ಸಿಕ್ವೇರಾ ಅವರೇ,

ತಮಗೂ, ತಮ್ಮ ತಂತ್ರಾಂಶ ರೆಪೊಸಿಟರಿಗೂ, ಅದರೊಳಗೆ ತಾವು ಅಕ್ಕರೆಯಿಂದ ಪೇರಿಸಿಟ್ಟಿರುವ ಪ್ರತಿಯೊಂದು ಪ್ಯಾಕೇಜಿಗೂ ಮಂಗಳೂರಿನ ಅತ್ತಾವರದಿಂದ ಆದರದ ನಮಸ್ಕಾರಗಳು.

ನಮ್ಮ ಲ್ಯಾಬಿನ ಸರ್ವರ್ ನಿನ್ನೆ, ಗುರುವಾರ ಮಧ್ಯಾಹ್ನ ಮತ್ತೆ ಎದ್ದು ನಿಂತಿದೆ. ಅದರಲ್ಲಿ ಕಳೆದ ವಾರ ಬಂದ ಯಾವ ರೋಗಿಯ ರಿಪೋರ್ಟೂ ಇಲ್ಲ. ಊರಂಚಿನ ವಾಮಂಜೂರಿನ ದೇಯಿ ಅವರ ಕುತ್ತಿಗೆಯ ಗಡ್ಡೆಯ ರಿಪೋರ್ಟೂ ಇಲ್ಲ. ಇದನ್ನು ತಿಳಿಸಿದವರು ನಮ್ಮ ಕಂಪ್ಯೂಟರ್ ವಿಭಾಗದ ರೂಬನ್. ಆ ವಿಭಾಗದಲ್ಲಿ ಅವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲದ ಕಾರಣ ಸುದ್ದಿಯನ್ನು ಎರಡನೆಯ ಮೂಲದಿಂದ ಖಚಿತಪಡಿಸಿಕೊಳ್ಳಲು ಸಾಧ್ಯವಾಗಿಲ್ಲ.

ತಾವು ಎಲ್ಲ ಬಲ್ಲವರು. ಆದರೂ ಇದು ಬಹಿರಂಗ ಪತ್ರವಾದ್ದರಿಂದ ಉಳಿದ ಓದುಗರಿಗಾಗಿ ಎರಡು ಮಾತು ಹೇಳಲು ಅನುಮತಿಸಬೇಕು. ಲಿನಕ್ಸ್ ಸರ್ವರಿಗೆ ಬೇಕಾದ ಪ್ರೋಗ್ರಾಮುಗಳೆಲ್ಲ ಲಿನಕ್ಸನ್ನು ತಯಾರಿಸಿದವರೇ ನಡೆಸುವ ಒಂದು ಭಂಡಾರದಿಂದ ಪ್ಯಾಕೇಜುಗಳೆಂಬ ಕಟ್ಟುಗಳಾಗಿ ಬರುತ್ತವೆ. ಅದಕ್ಕೆ ರೆಪೊಸಿಟರಿ ಎನ್ನುತ್ತಾರೆ. ಅಲ್ಲಿ ಹೊಸ ಸಾಮಾನು ತಡವಾಗಿ ಬರುತ್ತದೆ, ಆದರೆ ನೋಡಿ, ಪರೀಕ್ಷಿಸಿ, ಸಹಿ ಹಾಕಿದ ಮೇಲೆ ಬರುತ್ತದೆ. ಕಾಯಲು ತಾಳ್ಮೆ ಇಲ್ಲದವರು ತಮ್ಮಂಥ ಹೊರಗಿನವರ ರೆಪೊಸಿಟರಿಯ ವಿಳಾಸವನ್ನು ಸರ್ವರಿಗೆ ಕೊಡಬಹುದು. ಕೊಟ್ಟ ಮೇಲೆ ಸರ್ವರ್ ತಮ್ಮನ್ನೂ ಮನೆಯವರಂತೆಯೇ ಕಾಣುತ್ತದೆ. ಒಂದೇ ಪ್ರೋಗ್ರಾಮು ಎರಡೂ ಕಡೆ ಸಿಕ್ಕಿದರೆ ಯಾರದ್ದು ಒಳ್ಳೆಯದೆಂದು ಕೇಳುವುದಿಲ್ಲ, ಯಾರ ಆವೃತ್ತಿಯ ಸಂಖ್ಯೆ ದೊಡ್ಡದೆಂದು ನೋಡಿ ಅದನ್ನೇ ಎತ್ತಿಕೊಳ್ಳುತ್ತದೆ. ತಮ್ಮ ಸಂಖ್ಯೆಗಳು ಯಾವಾಗಲೂ ದೊಡ್ಡವು. ಇದಕ್ಕಾಗಿ ತಮ್ಮನ್ನು ಮನಸಾರೆ ಅಭಿನಂದಿಸುತ್ತೇನೆ.

ನಮಗೆ ಬೇಕಾಗಿದ್ದದ್ದು ಒಂದೇ ಒಂದು ಪ್ರೋಗ್ರಾಮು. ರಿಪೋರ್ಟಿನ ಮೇಲೆ ಲ್ಯಾಬಿನ ಲಾಂಛನವನ್ನು ಬಣ್ಣದಲ್ಲಿ ಮುದ್ರಿಸಬೇಕೆಂಬುದು ನಮ್ಮ ಮಾಲಕರಾದ ರುಡೊಲ್ಫ್ ಅವರ ಬಹುದಿನದ ಆಸೆ. ಅದಕ್ಕೆ ಬೇಕಾದ ಹೊಸ ಆವೃತ್ತಿ ಅಧಿಕೃತ ಭಂಡಾರದಲ್ಲಿ ಇರಲಿಲ್ಲ, ತಮ್ಮಲ್ಲಿ ಇತ್ತು. ಕಳೆದ ವಾರ ರೂಬನ್ ತಮ್ಮ ಪುಟದಲ್ಲಿದ್ದ ವಿಳಾಸದ ಸಾಲನ್ನು ನಕಲು ಮಾಡಿ ಸರ್ವರಿಗೆ ಹಾಕಿದಾಗ, ಈ ಭಂಡಾರದ ಸಹಿಯನ್ನು ಪರಿಶೀಲಿಸಲು ಆಗುತ್ತಿಲ್ಲ, ಆದ್ದರಿಂದ ಇಲ್ಲಿಂದ ಏನನ್ನೂ ತರುವುದಿಲ್ಲ ಎಂದು ಸರ್ವರ್ ಸ್ಪಷ್ಟವಾಗಿ ಹೇಳಿತು. ರೂಬನ್ ಅಲ್ಲಿಗೇ ನಿಲ್ಲಿಸಿ ಮಾಲಕರನ್ನು ಕೇಳಿದರು. ಇದು ದಾಖಲಾಗಬೇಕಾದ ವಿಷಯ.

ಈ ಊರಿನಲ್ಲಿ ಅಪರಿಚಿತರನ್ನು ಪರಿಶೀಲಿಸುವ ಪದ್ಧತಿಯೊಂದಿದೆ. ಯಾವ ಇಗರ್ಜಿ, ಅಂದರೆ ಯಾವ ಚರ್ಚು, ಯಾವ ಮನೆ, ಯಾರ ಮಗ ಎಂದು ಕ್ರಮವಾಗಿ ಕೇಳುತ್ತೇವೆ. ಮೂರನೆಯ ಪ್ರಶ್ನೆಯ ಹೊತ್ತಿಗೆ ಎದುರಿಗಿರುವವರು ಸಂಬಂಧಿಕರೋ ಸಂಬಂಧಿಕರ ನೆರೆಯವರೋ ಆಗಿಬಿಟ್ಟಿರುತ್ತಾರೆ. ಈ ಪರೀಕ್ಷೆಯಲ್ಲಿ ಯಾರೂ ಫೇಲಾದ ಉದಾಹರಣೆ ನನಗೆ ಗೊತ್ತಿಲ್ಲ. ತಾವು ಖುದ್ದಾಗಿ ಹಾಜರಿಲ್ಲದ ಕಾರಣ ರುಡೊಲ್ಫ್ ಅವರು ಪ್ರಶ್ನೆಗಳನ್ನೂ ಉತ್ತರಗಳನ್ನೂ ತಾವೇ ವಹಿಸಿಕೊಂಡರು. "ಸಿಕ್ವೇರಾ ಅಂದ್ರೆ ನಮ್ಮ ವಾಮಂಜೂರಿನವ ಮಾರಾಯ! ಐ ಅಂದ್ರೆ ಇಸಿದೋರ್. ಮಸ್ಕತ್‌ನಲ್ಲಿ ದೊಡ್ಡ ಕೆಲಸದಲ್ಲಿ ಉಂಟು. ನಮ್ಮ ಜನದ ಹತ್ರ ಎಂತ ಸಹಿ ಕೇಳ್ತಿ ನೀನು, ನಾಚಿಕೆ ಆಗುದಿಲ್ವಾ?" ಎಂದು ಅವರು ಹೇಳಿದ್ದನ್ನು ಪಕ್ಕದ ಮೇಜಿನಲ್ಲಿದ್ದ ನಾನು ಕಿವಿಯಾರೆ ಕೇಳಿದ್ದೇನೆ. ನಾಚಿಕೆಪಟ್ಟ ರೂಬನ್, ಈ ಭಂಡಾರವನ್ನು ಸಹಿ ಇಲ್ಲದೆಯೂ ನಂಬಬಹುದು ಎಂಬ ಅರ್ಥದ ಒಂದು ಮಾತನ್ನು ಸರ್ವರಿನಲ್ಲಿ ಸೇರಿಸಿದರು. ಸರ್ವರ್ ನಂಬಿತು. ಲಾಂಛನ ಬಣ್ಣದಲ್ಲಿ ಬಂತು. ಕೆಂಪು ಬಹಳ ಚೆನ್ನಾಗಿದೆ.

ಅದೇ ವಾರದ ಶನಿವಾರ ರೂಬನ್ ಮಾಮೂಲಿ ಅಪ್‌ಗ್ರೇಡ್ ಮಾಡಿದಾಗ ತಮ್ಮ ಔದಾರ್ಯದ ಪೂರ್ತಿ ಅಳತೆ ತಿಳಿಯಿತು. ಮುದ್ರಣದ ಪ್ರೋಗ್ರಾಮು ಒಂದನ್ನೇ ಕೇಳಿದ್ದ ನಮಗೆ ತಾವು ಡೇಟಾಬೇಸನ್ನೂ ಹೊಸದಾಗಿ ಕಳುಹಿಸಿಕೊಟ್ಟಿದ್ದಿರಿ. ತಮ್ಮಲ್ಲಿ ಅದೂ ಇತ್ತು, ಅದರ ಸಂಖ್ಯೆಯೂ ದೊಡ್ಡದಾಗಿತ್ತು. ಒಂದು ಚಮಚ ಸಕ್ಕರೆ ತರಲು ಹೋದವರ ಹಿಂದೆಯೇ ನೆರೆಮನೆಯವರು ತಮ್ಮ ಗ್ಯಾಸ್ ಒಲೆಯನ್ನು ಹೊತ್ತು ತಂದು, ನಮ್ಮ ಒಲೆಯನ್ನು ಅಂಗಳಕ್ಕಿಟ್ಟು, ಅನ್ನಕ್ಕೆ ನೀರಿಟ್ಟ ಹಾಗಾಯಿತು. ತಮ್ಮ ಡೇಟಾಬೇಸ್ ನಮ್ಮ ಹಳೆಯ ದಾಖಲೆಗಳನ್ನು ತೆರೆದು, ಅರ್ಧವನ್ನು ತನ್ನ ರೀತಿಗೆ ಬದಲಿಸಿ, ಉಳಿದರ್ಧಕ್ಕೆ ಬಂದಾಗ ಕೆಲಸ ನಿಲ್ಲಿಸಿತು. ಹಳೆಯ ಡೇಟಾಬೇಸನ್ನು ಮರಳಿ ಕರೆದರೆ, ಇನ್ನೊಬ್ಬರು ಕೈಹಾಕಿದ್ದನ್ನು ತಾನು ಮುಟ್ಟುವುದಿಲ್ಲವೆಂದು ಅದು ಕುಳಿತುಬಿಟ್ಟಿತು. ನಮ್ಮಲ್ಲಿ ಬ್ಯಾಕಪ್ ತೆಗೆಯುವುದು ಭಾನುವಾರ. ಅಪ್‌ಗ್ರೇಡ್ ಮಾಡುವುದು ಶನಿವಾರ. ಈ ಕ್ರಮವನ್ನು ನಿಗದಿಪಡಿಸಿದವರು ಯಾರೆಂದು ಲ್ಯಾಬಿನಲ್ಲಿ ಈಗ ಯಾರಿಗೂ ನೆನಪಿಲ್ಲ.

ಸೋಮವಾರ ಬೆಳಿಗ್ಗೆ ದೇಯಿ ಅವರ ಸೊಸೆ ಹೇಮಾಕ್ಷಿ ರಿಪೋರ್ಟಿಗಾಗಿ ಬಂದರು. ಮಂಗಳವಾರ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಥೈರಾಯ್ಡ್ ಗ್ರಂಥಿಯನ್ನು ಅರ್ಧ ತೆಗೆಯುವುದೋ ಪೂರ್ತಿ ತೆಗೆಯುವುದೋ ಎಂಬುದನ್ನು ಆ ರಿಪೋರ್ಟ್ ಹೇಳಬೇಕಿತ್ತು, ಅದಿಲ್ಲದೆ ಸರ್ಜನ್ ಚಾಕು ಮುಟ್ಟುವುದಿಲ್ಲ. ನಾನು ನಡೆದದ್ದನ್ನು ನಡೆದ ಹಾಗೆ ವಿವರಿಸಿದೆ. "ರೆಡಿ ಉಂಟು ಅಂತ ಶುಕ್ರವಾರ ಫೋನು ಮಾಡಿದ್ದು ನೀವೇ ಅಲ್ವಾ ಮೇಡಂ? ಈಗ ಇಲ್ಲ ಅಂದ್ರೆ ಎಂತ, ನಡೆದುಕೊಂಡು ಹೋಯ್ತಾ ಅದು?" ಎಂದು ಅವರು ಕೇಳಿದರು. ತಮ್ಮ ಹೆಸರು ಕೇಳಿದ ಮೇಲಂತೂ ಅವರ ಧ್ವನಿ ಹೊರಗಿನ ರಸ್ತೆಗೂ ಕೇಳಿಸಿತು: "ಇಸಿದೋರ್ ಸಿಕ್ವೇರಾ ಇರುದು ನಮ್ಮ ಬೇಲಿಯ ಆಚೆ. ಮಸ್ಕತ್‌ನಲ್ಲಿ ಏಸಿ ರಿಪೇರಿ ಮಾಡುದು ಅವರು. ಊರಿಗೆ ಬಂದ್ರೆ ವಾಟ್ಸಾಪ್ ಹಾಕಿಸಿಕೊಳ್ಳುದು ನನ್ನ ಮಗಳ ಹತ್ರ!"

ಹೀಗೆ ತಾವು ಇಸಿದೋರ್ ಅಲ್ಲವೆಂಬುದು ದೃಢಪಟ್ಟಿತು. ರೂಬನ್ ಕೂಡಲೇ ತಮಗೆ ಕೊಂಕಣಿಯಲ್ಲಿ ಮೇಲ್ ಬರೆದರು. ಮರುದಿನ ಇಂಗ್ಲಿಷಿನಲ್ಲಿ ಬಂದ ಉತ್ತರದಿಂದ ತಮ್ಮ ಪೂರ್ಣ ಹೆಸರು ಇಸಾಬೆಲ್ ಎಂದೂ, ತಮ್ಮ ಊರು ಬ್ರೆಜಿಲ್‌ನಲ್ಲಿ ಇದೆಯೆಂದೂ, ಮಂಗಳೂರು ಎಂಬ ಹೆಸರನ್ನು ತಾವು ಇದೇ ಮೊದಲ ಸಲ ಕೇಳುತ್ತಿರುವುದೆಂದೂ ತಿಳಿಯಿತು. ಇದು ನನ್ನ ಸ್ವಂತ ಪ್ರಯೋಗದ ಕಂಪ್ಯೂಟರಿಗೆ ಮಾಡಿಕೊಂಡ ಸಂಗ್ರಹ, ದಯವಿಟ್ಟು ಕೆಲಸದ ಸರ್ವರಿಗೆ ಹಾಕಬೇಡಿ ಎಂದು ಪುಟದ ಮೇಲ್ತುದಿಯಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದನ್ನು ತಾವು ನೆನಪಿಸಿದಿರಿ. ನೋಡಿದೆವು. ಬರೆದಿದೆ. ದಪ್ಪವಾಗಿಯೇ ಇದೆ.

ಇಷ್ಟಾದ ಮೇಲೆ ದೂರುವುದಕ್ಕೆ ತಮ್ಮ ಕಡೆ ಏನೂ ಉಳಿಯುವುದಿಲ್ಲವೆಂದು ತಾವು ಭಾವಿಸಬಹುದು. ಹಾಗಲ್ಲ. ತಾವು ವಾಮಂಜೂರಿನವರಲ್ಲದಿರುವುದು ಸಣ್ಣ ಅಪರಾಧವಲ್ಲ. ರುಡೊಲ್ಫ್ ಅವರ ಪ್ರಕಾರ ಇಡೀ ಅನಾಹುತಕ್ಕೆ ಅದೊಂದೇ ಕಾರಣ, "ಅವರು ಹೆಸರು ಪೂರ್ತಿ ಹಾಕ್ಬೇಕಿತ್ತು" ಎಂದು ಅವರು ಈಗಲೂ ಹೇಳುತ್ತಾರೆ. ಆದುದರಿಂದ ತಮ್ಮ ಅಜ್ಜನವರನ್ನು ಹಿಂದಿನ ದಿನಾಂಕದಿಂದ ಜಾರಿಯಾಗುವಂತೆ ವಾಮಂಜೂರಿಗೆ ಸ್ಥಳಾಂತರಿಸಿ, ಅಲ್ಲಿನ ಇಗರ್ಜಿಯಲ್ಲಿ ತಮ್ಮ ತಂದೆಯವರ ಜ್ಞಾನಸ್ನಾನ ಮಾಡಿಸಿ, ನಮ್ಮ ಮಾಲಕರ ಮಾತು ಸುಳ್ಳಾಗದಂತೆ ನೋಡಿಕೊಳ್ಳಬೇಕಾಗಿ ವಿನಂತಿ. ಅದು ಸಾಧ್ಯವಾಗದಿದ್ದಲ್ಲಿ ತಮ್ಮ ಸಂಖ್ಯೆಗಳಿಗಾದರೂ ಸ್ವಲ್ಪ ವಿನಯ ಕಲಿಸಬೇಕು.

ಸ್ಲೈಡು ನೋಡಿ ರಿಪೋರ್ಟ್ ಬರೆಯುವ ನಮ್ಮ ಡಾ. ಖೈರುನ್ನಿಸಾ ಅವರಿಗೂ ಒಂದು ಮಾತು ಹೇಳಿಕೊಡಬೇಕು. ದೇಯಿ ಅವರ ಗಡ್ಡೆಗೆ ಸೂಜಿ ಹಾಕಿ ತೆಗೆದ ಸ್ಲೈಡುಗಳು ಪೆಟ್ಟಿಗೆಯಲ್ಲಿ ಇವೆ, ಆದರೆ ಅವುಗಳ ಮೇಲಿರುವುದು ಬರೀ ನಂಬರು. ಯಾವ ನಂಬರು ಯಾರದ್ದೆಂಬುದು ಸರ್ವರಿನಲ್ಲಿತ್ತು. ನೆನಪಿನಿಂದಲೇ ಹೇಳಿ ಮುಗಿಸಿ ಎಂದು ರುಡೊಲ್ಫ್ ಅವರು ಕೇಳಿಕೊಂಡಾಗ, "ಯಾರದ್ದು ಅಂತ ಗೊತ್ತಿಲ್ಲದ್ದಕ್ಕೆ ನಾನು ಸಹಿ ಹಾಕುವುದಿಲ್ಲ ಸರ್" ಎಂದು ಡಾಕ್ಟರು ಒಂದೇ ವಾಕ್ಯದಲ್ಲಿ ಮುಗಿಸಿದರು. ಸಹಿಯ ಬಗ್ಗೆ ಇಷ್ಟೊಂದು ಹಠ ಹಿಡಿಯುವವರು ನಮ್ಮಲ್ಲಿ ಇಬ್ಬರೇ: ಒಬ್ಬರು ಇವರು, ಇನ್ನೊಂದು ಆ ಸರ್ವರ್. ಸರ್ವರಿನ ಬಾಯಿ ಮುಚ್ಚಿಸಿದ ಹಾಗೆ ಇವರ ಬಾಯಿ ಮುಚ್ಚಿಸುವ ಪ್ಯಾಕೇಜು ತಮ್ಮಲ್ಲಿ ಇದ್ದರೆ, ದಯವಿಟ್ಟು ಯಾರಿಗೂ ಕೊಡಬೇಡಿ.

ಮಂಗಳವಾರದ ಶಸ್ತ್ರಚಿಕಿತ್ಸೆ ನಡೆಯಲಿಲ್ಲ. ಸರ್ಜನ್ ಮುಂದಿನ ಗುರುವಾರದ ದಿನ ಕೊಟ್ಟಿದ್ದಾರೆ. ದೇಯಿ ಅವರು ತಮ್ಮನ್ನಾಗಲಿ ನಮ್ಮನ್ನಾಗಲಿ ಬೈಯಲಿಲ್ಲ, ಸೀರೆಯ ಸೆರಗಿನಿಂದ ಕುತ್ತಿಗೆಯನ್ನು ಮುಚ್ಚಿಕೊಂಡು, "ಕಂಪ್ಯೂಟರ್ ಸರಿ ಆಗುವವರೆಗೆ ಬೆಳೀಬೇಡ ಅಂತ ಇದಕ್ಕೆ ಯಾರು ಹೇಳುದು?" ಎಂದು ಮಾತ್ರ ಕೇಳಿದರು. ಪ್ಯಾಕೇಜೊಂದನ್ನು ಮುಂದೆ ಬೆಳೆಯದಂತೆ ಇದ್ದ ಆವೃತ್ತಿಯಲ್ಲೇ ತಡೆದಿಡುವ ಏರ್ಪಾಡು ಲಿನಕ್ಸ್‌ನಲ್ಲಿ ಮೊದಲಿನಿಂದಲೂ ಇದೆಯೆಂದು ರೂಬನ್ ಈಗ ಹೇಳುತ್ತಿದ್ದಾರೆ. ಅದು ಗಡ್ಡೆಗೂ ಅನ್ವಯಿಸುತ್ತದೆಯೇ ಎಂಬುದನ್ನು ತಾವು ಪರೀಕ್ಷಿಸಿ ತಿಳಿಸಿದರೆ ನಾನು ಅವರಿಗೊಂದು ಉತ್ತರ ಕೊಡಬಹುದು.

ಕೆಳಗಿನ ಸಹಿಯನ್ನು ಪರಿಶೀಲಿಸಿದ ಮೇಲಷ್ಟೇ ನಂಬಬೇಕಾಗಿ ಕೋರುವ,

ತಮ್ಮ ವಿಶ್ವಾಸಿ,
ಮಾರ್ಸೆಲಿನ್ ರೆಬೆಲ್ಲೊ
ಕಚೇರಿ ವ್ಯವಸ್ಥಾಪಕಿ

ತಾ.ಕ.: ತಮ್ಮ ರೆಪೊಸಿಟರಿಯನ್ನು ತೆಗೆದದ್ದರಿಂದ ಲಾಂಛನ ಮತ್ತೆ ಕಪ್ಪು ಬಿಳುಪಾಗಿದೆ. ಇದನ್ನು ಸಹಿಸದ ರುಡೊಲ್ಫ್ ಅವರು ಇವತ್ತು ಬೆಳಿಗ್ಗೆ ಇನ್ನೊಂದು ರೆಪೊಸಿಟರಿಯನ್ನು ಹುಡುಕಿ ರೂಬನ್ ಅವರಿಗೆ ತೋರಿಸಿದ್ದಾರೆ. ಅದನ್ನು ನಡೆಸುವವರು ಎಂ. ಪಿಂಟೊ, ಬಜಪೆ ಕಡೆಯವರೇ ಇರಬೇಕಂತೆ. ತಮ್ಮ ಊರಿನ ಸುತ್ತಮುತ್ತ ಈ ಹೆಸರಿನವರು ಯಾರಾದರೂ ಇದ್ದರೆ ಇವತ್ತು ಸಂಜೆಯೊಳಗೆ ತಿಳಿಸಬೇಕು. ದೇಯಿ ಅವರ ಕುತ್ತಿಗೆಗೆ ಎರಡನೆಯ ಸಲ ಸೂಜಿ ಹಾಕುವುದು ನಾಳೆ, ಅಪ್‌ಗ್ರೇಡಿನ ದಿನವೇ ಆದ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ. ತಿಂಡಿ ತಿಂದು ಬರಬಹುದು.