ಪೆಟ್ರೋವ್ ರಕ್ಷಣೆಯವರಿಗೆ, ಕೈ ಕೊಟ್ಟ ಬಗ್ಗೆ

ಮಾನ್ಯ ಪೆಟ್ರೋವ್ ರಕ್ಷಣೆಯವರೇ,

ಚದುರಂಗದ ಆರಂಭಗಳಲ್ಲೆಲ್ಲ ಅತಿ ಸಭ್ಯರಾದ ತಮಗೆ, ಮದುವೆಯಾಗಿ ಆರೇ ವಾರವಾದ ಉಲಾನ್‌ಬಾತರಿನ ನಾಮೂನಳ ಅನಂತ ವಂದನೆಗಳು. ಬಿಳಿಯವರು ಕಾಲಾಳನ್ನು ಎರಡು ಮನೆ ನಡೆಸಿದರೆ ಕರಿಯವರೂ ಎರಡು ಮನೆ, ಬಿಳಿಯವರು ಕುದುರೆ ಇಳಿಸಿದರೆ ಕರಿಯವರೂ ಕುದುರೆ. ಎದುರಿನವರು ಮಾಡಿದ್ದನ್ನೇ ಮಾಡುವ ತಮ್ಮ ವಿನಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಕಳೆದ ಭಾನುವಾರ ಕ್ಲಬ್ಬಿನ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ನನ್ನೆದುರು ತಮ್ಮನ್ನು ಆಡಿದವರು ನನ್ನ ಪತಿ ತುಲ್ಗಾ. ಹೋವ್ದ್ ಪಟ್ಟಣಕ್ಕೆ ಆಡಲು ಹೊರಟಿದ್ದ ನಗರ ತಂಡದಲ್ಲಿ ಉಳಿದಿದ್ದ ಒಂದೇ ಜಾಗ ಗೆದ್ದವರಿಗೆ. ಡ್ರಾ ಆದರೆ ಅಂಕಗಳ ಲೆಕ್ಕದಲ್ಲಿ ಅದು ಹಲ್ಲಿನ ಡಾಕ್ಟರ್ ಸರ್ನಾಯ್ ಅವರಿಗೆ. ತುಲ್ಗಾ ಅವರ ಹೆಂಡತಿ ಎಂದಷ್ಟೇ ಅಲ್ಲದೆ ಆಟಗಾರ್ತಿ ಎಂದೂ ಜನ ನನ್ನನ್ನು ಗುರುತಿಸಲಿ ಎಂಬ ಮಹದಾಸೆಯಿಂದ ಆಡಿ, ಮೂವತ್ತೆಂಟನೇ ನಡೆಯ ಹೊತ್ತಿಗೆ ನಾನು ಒಂದು ಆನೆಯಷ್ಟು ಮುಂದಿದ್ದೆ.

ಆಗ ಇಕ್ಕಟ್ಟಾದ ಮೇಜಿನಡಿ ನನ್ನ ಚಳಿಗಾಲದ ಬೂಟು ಏನನ್ನೋ ತುಳಿಯಿತು. ರಷ್ಯದವರಾದ ತಮಗೆ ತಿಳಿದಿರಲಿಕ್ಕಿಲ್ಲ: ನಮ್ಮಲ್ಲಿ ಒಬ್ಬರ ಕಾಲು ತುಳಿದರೆ ಆ ಕ್ಷಣವೇ ಕೈ ಕುಲುಕಬೇಕು, ಇಲ್ಲವಾದರೆ ಮನಸ್ತಾಪ ಬೆಳೆಯುತ್ತದೆ. ಹೊಸ ಸಂಸಾರದಲ್ಲಿ ಅದೇಕೆ ಎಂದು ನಾನು ಬಲಗೈ ಚಾಚಿದೆ. ತಮ್ಮ ನಿಷ್ಠಾವಂತ ಶಿಷ್ಯರಾದ ನನ್ನ ಪತಿಯೂ ಬಲಗೈ ಚಾಚಿದರು. ಹೊಸ ಮದುಮಗಳಲ್ಲವೇ, ನಾನು ಆ ಕೈಯನ್ನು ಬಿಡದೆ ನಗುತ್ತಾ ಕುಳಿತೆ. ಅವರ ಎಡಗೈ ಗಡಿಯಾರ ನಿಲ್ಲಿಸಿತು. ಆಟದ ನಡುವೆ ಕೈ ಕುಲುಕಿ ಗಡಿಯಾರ ನಿಲ್ಲಿಸಿದರೆ ಇಬ್ಬರೂ ಡ್ರಾಗೆ ಒಪ್ಪಿದರೆಂದೇ ಅರ್ಥವೆಂಬುದು ತಮಗೆ ಗೊತ್ತೇ ಇದೆ. ತೀರ್ಪುಗಾರ್ತಿ ದುಲ್ಮಾ ಅಕ್ಕ ಡ್ರಾ ಎಂದು ಬರೆದುಕೊಂಡರು. ಅದು ಕ್ಷಮೆಯ ಕೈ ಎಂದು ಗೋಗರೆದರೆ, "ಕೈ ಕೊಟ್ಟಾಯ್ತಲ್ಲಮ್ಮ, ಸಹೀನೂ ಹಾಕ್ಬಿಡು" ಎಂದರು. ಪತಿಯಂತೂ ಮನೆಗೆ ಬರುವ ಬಸ್ಸಿನಲ್ಲಿ, "ಕಾಲಿಗೋ ಆಟಕ್ಕೋ ಅಂತ ನಾನ್ಯಾಕೆ ಕೇಳ್ಲಿ? ಸೋಲ್ತಾ ಇದ್ದೋನು ನಾನು ತಾನೇ" ಎಂದು ಕಿಟಕಿಯ ಕಡೆ ತಿರುಗಿದರು. ಕೈ ನೀಡಿದವಳು ನಾನು, ಕೈ ಕೊಟ್ಟವರು ತಾವಿಬ್ಬರು.

ಆದ್ದರಿಂದ ತಮ್ಮಲ್ಲಿ ವಿನಂತಿ: ಅನುಕರಣೆಯನ್ನು ದಯವಿಟ್ಟು ಐದನೇ ನಡೆಗೆ ನಿಲ್ಲಿಸಿ. ಅದು ಸಾಧ್ಯವಿಲ್ಲವಾದರೆ ಪೂರ್ತಿ ನಡೆಸಿಕೊಡಿ; ನಾನು ಪಾತ್ರೆ ತೊಳೆಯಲು ನಿಂತಾಗ ಅವರೂ ಪಕ್ಕದಲ್ಲಿ ನಿಂತು ತೊಳೆಯುವಂತಾಗಲಿ.

ಒಂದು ಆನೆ ಮುಂದಿದ್ದೂ ಮನೆಯಲ್ಲೇ ಉಳಿದ,
ತಮ್ಮ ವಿಶ್ವಾಸಿ,
ನಾಮೂನ್

ತಾ.ಕ.: ಆಟದುದ್ದಕ್ಕೂ ಎರಡೂ ಕಾಲನ್ನು ಕುರ್ಚಿಯಡಿ ಮಡಚಿಕೊಂಡೇ ಕುಳಿತಿದ್ದೆನೆಂದು ಪತಿ ಇಂದು ಬೆಳಿಗ್ಗೆ ಉಪ್ಪಿನ ಚಹಾ ಹೀರುತ್ತಾ ಒಪ್ಪಿಕೊಂಡರು. ನಾನು ತುಳಿದದ್ದು ಮೇಜಿನ ಕಾಲನ್ನು. ಹಾಗಾದರೆ ಡ್ರಾದಿಂದ ಪತಿಗೆ ಸಿಕ್ಕ ಆ ಅರ್ಧ ಅಂಕ ನ್ಯಾಯವಾಗಿ ಮೇಜಿಗೆ ಸಲ್ಲಬೇಕು.